ಹತ್ತು ನಂಬರ್ ಬೋಲ್ಟಿಗೆ ಎಷ್ಟು ಬಲ ಸಾಕು?

ಹಳೆಯ ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ನೆತ್ತಿಯ ಮುಚ್ಚಳದ ಅಂಚಿನಲ್ಲಿ ಕಪ್ಪು ಜಿಡ್ಡು, ಆ ಜಿಡ್ಡಿಗೆ ಅಂಟಿದ ರಸ್ತೆಯ ಧೂಳು ಕಾಣುವುದು ಮಾಮೂಲು. ಗ್ಯಾರೇಜುಗಳಲ್ಲಿ ಈ ಮುಚ್ಚಳಕ್ಕೆ ಟ್ಯಾಪೆಟ್ ಕವರ್ ಎಂದು ಹೆಸರು. ಅದರಡಿ ಕೂರುವ ಗ್ಯಾಸ್ಕೆಟ್ ಎಲ್ಲರ ಬಾಯಲ್ಲೂ ಪ್ಯಾಕಿಂಗ್. ಅಲ್ಲಿಂದ ಆಯಿಲ್ ಜಿನುಗತೊಡಗಿದರೆ ಮೊದಲ ಉಪಚಾರ ಹತ್ತು ನಂಬರ್ ಪಾನಾ ತಂದು ಸುತ್ತಲಿನ ಬೋಲ್ಟುಗಳನ್ನು ಇನ್ನಷ್ಟು ಬಿಗಿ ಮಾಡುವುದು. ಜಗ್ಗದಿದ್ದರೆ ಹೊಸ ಪ್ಯಾಕಿಂಗ್ ಹಾಕಿ, ಈ ಸಲ ಮೊದಲಿಗಿಂತಲೂ ಬಿಗಿ ಮಾಡುವುದು. ತಿಂಗಳೊಪ್ಪತ್ತಿನಲ್ಲಿ ಅದೇ ಜಾಗ ಮತ್ತೆ ಒದ್ದೆಯಾದಾಗ ಬೈಗುಳವೆಲ್ಲ ಪ್ಯಾಕಿಂಗಿನ ಪಾಲು: ಡೂಪ್ಲಿಕೇಟ್ ಮಾಲು, ಬಾಳಿಕೆ ಬರಲಿಲ್ಲ. ಪೇಟೆಯಲ್ಲಿ ಕಳಪೆ ಮಾಲು ಇಲ್ಲವೆಂದಲ್ಲ. ಆದರೆ ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಸೋರುವ ಎಂಜಿನ್ ಎದುರಿಗಿದ್ದರೆ ಪ್ಯಾಕಿಂಗಿಗಿಂತ ಮೊದಲು ಅದನ್ನು ಬಿಗಿದ ಕೈಯನ್ನೇ ಅನುಮಾನಿಸಬೇಕು. ಈ ಜಾಗದಲ್ಲಿ ಅಳತೆ ಮೀರಿ ಹಾಕಿದ ಬಲ ಸೋರಿಕೆ ತಡೆಯುವ ಕೆಲಸಕ್ಕೆ ಬರುವುದೇ ಇಲ್ಲ. ಅದು ಬೇರೆಡೆ ಹರಿದು ಬೇರೇನನ್ನೋ ಕೆಡಿಸುತ್ತದೆ.

ಈ ಮುಚ್ಚಳ ತಡೆಯಬೇಕಾದದ್ದಾದರೂ ಏನನ್ನು? ಎಂಜಿನ್ನಿನಲ್ಲಿ ಒಂದಕ್ಕೊಂದು ಗೇಣುದೂರದಲ್ಲಿ ಎರಡು ಪ್ಯಾಕಿಂಗುಗಳಿವೆ, ಅವುಗಳ ಕೆಲಸದಲ್ಲಿ ಮಾತ್ರ ಅಜಗಜಾಂತರ. ಕೆಳಗಿನದು, ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್. ಇಂಧನ ಹೊತ್ತಿದ ಕ್ಷಣದಲ್ಲಿ ವಾತಾವರಣದ ಒತ್ತಡದ ಹತ್ತಾರು ಪಟ್ಟು ಒತ್ತಡವನ್ನು ಅದು ನಿಮಿಷಕ್ಕೆ ಸಾವಿರಾರು ಸಲ ತಾಳಿಕೊಳ್ಳಬೇಕು. ಹೆಡ್ ಬೋಲ್ಟುಗಳು ದಪ್ಪಗಿರುವುದು, ಅವನ್ನು ಹಂತಹಂತವಾಗಿ ಭಾರೀ ಬಲದಲ್ಲಿ ಬಿಗಿಯುವುದು ಇದಕ್ಕೇ. ಮೇಲಿನ ಟ್ಯಾಪೆಟ್ ಕವರಿನ ಒಳಗೆ ಅಂಥದ್ದೇನೂ ನಡೆಯುವುದಿಲ್ಲ. ಆಯಿಲ್ ಪಂಪಿನ ಒತ್ತಡ ಕ್ಯಾಮ್ ಶಾಫ್ಟಿನ ಬೇರಿಂಗುಗಳವರೆಗೆ ಬಂದು ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಹೊರಬಿದ್ದ ಆಯಿಲ್ ರಾಕರುಗಳ ಮೇಲೆ ಸಿಡಿದು, ಗೋಡೆಗಿಳಿದು, ತೂತುಗಳ ಮೂಲಕ ಕೆಳಗಿನ ಚೇಂಬರಿಗೆ ವಾಪಸ್ ಹೋಗುತ್ತದೆ. ಪಿಸ್ಟನ್ ರಿಂಗುಗಳ ಸಂದಿನಿಂದ ನುಸುಳುವ ಹೊಗೆಯನ್ನು ಬ್ರೀದರ್ ಪೈಪು, ಪಿಸಿವಿ ವಾಲ್ವು ಎಳೆದು ಇನ್‌ಟೇಕ್ ಕಡೆಗೆ ಕಳಿಸುತ್ತವೆ. ಆರೋಗ್ಯವಾಗಿರುವ ಎಂಜಿನ್ ಸುಮ್ಮನೆ ಐಡ್ಲಿಂಗಿನಲ್ಲಿ ಇರುವಾಗ ಈ ಕವರಿನೊಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯೇ. ಅಂದರೆ ಈ ಪ್ಯಾಕಿಂಗ್ ತಡೆಯಬೇಕಾದದ್ದು ಸಿಡಿಯುವ ಆಯಿಲ್ಲನ್ನೂ ಒಂದಿಷ್ಟು ಆವಿಯನ್ನೂ ಮಾತ್ರ. ಬ್ರೀದರ್ ಪೈಪು ಮಸಿ ಕಟ್ಟಿ ಮುಚ್ಚಿಹೋದರೆ ಲೆಕ್ಕ ತಿರುವುಮುರುವಾಗುತ್ತದೆ: ಹೊಗೆಗೆ ದಾರಿಯಿಲ್ಲದೆ ಒಳಗೆ ಒತ್ತಡ ಏರಿ, ದುರ್ಬಲವಾದ ಸಂದಿಯನ್ನು ಹುಡುಕಿ ಆಯಿಲ್ಲನ್ನು ಹೊರಗೆ ತಳ್ಳುತ್ತದೆ. ಆಗ ಬೋಲ್ಟನ್ನು ಎಷ್ಟು ತಿರುಗಿಸಿದರೂ ಫಲವಿಲ್ಲ, ಪೈಪು ಬಿಚ್ಚಿ ತೊಳೆಯಬೇಕು.

ಇನ್ನು ಬೋಲ್ಟು. ಕಾರುಗಳ ಟ್ಯಾಪೆಟ್ ಕವರಿನಲ್ಲಿ ಹೆಚ್ಚಾಗಿ ಸಿಗುವುದು 6 ಮಿಲಿಮೀಟರ್ ದಪ್ಪದ ಎಂ6 ಬೋಲ್ಟು. ಅದರ ತಲೆ 10 ಮಿಲಿಮೀಟರ್ ಅಗಲ, ಹಾಗಾಗಿ ಹತ್ತು ನಂಬರ್. ತಯಾರಕರ ಕೈಪಿಡಿಗಳು ಇದಕ್ಕೆ ಸಾಮಾನ್ಯವಾಗಿ ಹೇಳುವ ಟಾರ್ಕು 5ರಿಂದ 12 ನ್ಯೂಟನ್ ಮೀಟರ್. ಚಕ್ರದ ನಟ್ಟಿಗೆ ಹೇಳುವುದು ಸುಮಾರು 100. ಹತ್ತರಲ್ಲೊಂದು ಪಾಲು ಎಂದರೆ ಸಡಿಲವಾಗಿಯೇ ಬಿಡಬೇಕೇನೋ ಅನಿಸುತ್ತದೆ, ಆದರೆ ಥ್ರೆಡ್ಡಿನ ಇಳಿಜಾರು ಸಣ್ಣ ತಿರುಗುಬಲವನ್ನು ದೊಡ್ಡ ಎಳೆತವಾಗಿ ಮಾರ್ಪಡಿಸುತ್ತದೆ. ಒಣ ಥ್ರೆಡ್ಡಿನ ಎಂ6 ಬೋಲ್ಟಿಗೆ 10 ನ್ಯೂಟನ್ ಮೀಟರ್ ಟಾರ್ಕು ಕೊಟ್ಟರೆ ಎರಡು ಲೋಹಗಳನ್ನು ಅದು ಅಮುಕಿ ಹಿಡಿಯುವ ಬಲ ಸುಮಾರು 8,000 ನ್ಯೂಟನ್, ಅಂದರೆ 800 ಕಿಲೋಗಿಂತ ಹೆಚ್ಚು ತೂಕ. ಆಗ ಬೋಲ್ಟು ರಬ್ಬರ್ ದಾರದಂತೆ ಎಳೆದುಕೊಂಡಿರುತ್ತದೆ; 25 ಮಿಲಿಮೀಟರ್ ಉದ್ದಕ್ಕೆ ಆ ಎಳೆತ 0.05 ಮಿಲಿಮೀಟರಿನ ಆಸುಪಾಸು. ಬೋಲ್ಟಿನ ಹಿಡಿತವೆಲ್ಲ ಇರುವುದು ಕಣ್ಣಿಗೆ ಕಾಣದ ಈ ಎಳೆತದಲ್ಲಿ. ತಲೆಯ ಮೇಲೆ 8.8 ಎಂದು ಅಚ್ಚೊತ್ತಿದ ಎಂ6 ಬೋಲ್ಟು ಶಾಶ್ವತವಾಗಿ ಹಿಗ್ಗದೆ ತಾಳುವ ಭಾರ 11,600 ನ್ಯೂಟನ್. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ 15 ನ್ಯೂಟನ್ ಮೀಟರಿನೊಳಗೇ ಈ ಗಡಿ ದಾಟಿಹೋಗುತ್ತದೆ. 15 ಸೆಂಟಿಮೀಟರ್ ಹಿಡಿಯ ಪಾನಾದ ತುದಿಯಲ್ಲಿ 10 ಕಿಲೋ ಒತ್ತಿದರೆ ಅಷ್ಟಾಯಿತು. ಥ್ರೆಡ್ಡಿಗೆ ಆಯಿಲ್ ತಗುಲಿದ್ದರೆ ಇನ್ನೂ ಬೇಗ: ಘರ್ಷಣೆ ಇಳಿಯುವುದರಿಂದ ಅದೇ 10 ನ್ಯೂಟನ್ ಮೀಟರಿಗೇ ಎಳೆತ 11,000 ನ್ಯೂಟನ್ ಮುಟ್ಟಬಹುದು. ಬೋಲ್ಟು ಸೋಲದಿದ್ದರೆ ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಸೋಲುತ್ತದೆ. ಬಿಗಿಯುತ್ತ ಬಿಗಿಯುತ್ತ ಪಾನಾ ಹಠಾತ್ತನೆ ಹಗುರಾದರೆ ಅಲ್ಲೊಂದು ಥ್ರೆಡ್ ಹೋಯಿತೆಂದೇ ಅರ್ಥ. ನೂರಿನ್ನೂರು ರೂಪಾಯಿಯ ಪ್ಯಾಕಿಂಗ್ ಕೆಲಸ ಆಗ ತೂತು ಕೊರೆದು ಹೆಲಿಕಾಯಿಲ್ ಎಂಬ ತಂತಿಸುರುಳಿಯ ಹೊಸ ಥ್ರೆಡ್ ಕೂರಿಸುವ ಕೆಲಸವಾಗಿ ಬೆಳೆಯುತ್ತದೆ.

ಹೆಚ್ಚಿನ ಬಲ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಅಂಬಾಸಿಡರ್ ಒಳ್ಳೆಯ ಉದಾಹರಣೆ. ಬಹುಕಾಲ ಅದರೊಳಗಿದ್ದದ್ದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಕುಟುಂಬದ 1489 ಸಿಸಿ ಎಂಜಿನ್. ಅದರ ಟ್ಯಾಪೆಟ್ ಕವರ್ ಒತ್ತಿ ರೂಪಿಸಿದ ಉಕ್ಕಿನ ತಗಡು. ನೆತ್ತಿಯ ಮೇಲೆ ಎರಡೇ ನಟ್ಟು, ಅವುಗಳ ಕೆಳಗೆ ರಬ್ಬರ್ ಬುಷ್, ಅಂಚಿನ ಅಡಿಗೆ ಕಾರ್ಕ್ ಪ್ಯಾಕಿಂಗ್. ಇದೇ ಕುಟುಂಬದ ಎಂಜಿನ್ ಇದ್ದ ಎಂಜಿಬಿ ಕಾರಿನ ಕೈಪಿಡಿಯಲ್ಲಿ ಈ ನಟ್ಟುಗಳಿಗೆ ಹೇಳಿರುವ ಟಾರ್ಕು 4 ಪೌಂಡ್ ಅಡಿ, ಅಂದರೆ ಸುಮಾರು ಐದೂವರೆ ನ್ಯೂಟನ್ ಮೀಟರ್. ಇಷ್ಟು ಕಡಿಮೆ ಹೇಳಿರುವುದು ಕಾರ್ಕಿನ ಸ್ವಭಾವ ನೋಡಿ. ಕಾರ್ಕಿನೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿವೆ. ಮಿತವಾಗಿ ಒತ್ತಿದರೆ ಅವು ಕುಗ್ಗಿ ತಗಡಿನ ಏರುತಗ್ಗುಗಳನ್ನು ತುಂಬಿಕೊಳ್ಳುತ್ತವೆ, ಮಿತಿ ಮೀರಿದರೆ ಕೋಶಗಳ ಗೋಡೆ ಒಡೆದು ಪ್ಯಾಕಿಂಗ್ ಸೀಳುತ್ತದೆ. ಇನ್ನು ತಗಡು: ನಟ್ಟಿನ ಕೆಳಗೆ ಅದು ತಗ್ಗಿ, ಅಂಚು ಅಲೆಯಲೆಯಾಗಿ ಏಳುತ್ತದೆ. ಸುತ್ತಲೂ ಬೋಲ್ಟುಗಳಿರುವ ತಗಡಿನ ಕವರುಗಳಲ್ಲಿ ಇದು ಇನ್ನೂ ಸ್ಪಷ್ಟ. ಪ್ರತಿ ಬೋಲ್ಟಿನ ಬುಡದಲ್ಲಿ ತೂತಿನ ಸುತ್ತ ಒಂದು ಗುಳಿ, ಎರಡು ಗುಳಿಗಳ ನಡುವೆ ಒಂದು ಕಮಾನು. ಅಂಥ ಕವರನ್ನು ಒರೆಸಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನೋಡಿದರೆ ಬೋಲ್ಟಿನ ಬುಡವೆಲ್ಲ ಒಣಗಿಯೇ ಇರುತ್ತದೆ, ಒದ್ದೆಯಾಗುವುದು ಎರಡು ಬೋಲ್ಟುಗಳ ನಡುವೆ. ಅದನ್ನು ನಿಲ್ಲಿಸಲೆಂದು ಮತ್ತೆ ಬಿಗಿದರೆ ಗುಳಿ ಆಳವಾಗಿ ಕಮಾನು ಇನ್ನಷ್ಟು ಏಳುತ್ತದೆ. ಇದರ ಮದ್ದು ಪಾನಾದಲ್ಲಿಲ್ಲ. ಕವರನ್ನು ಮಗುಚಿ, ಅಂಚಿಗೆ ಸ್ಟೀಲ್ ಸ್ಕೇಲ್ ಹಿಡಿದು ನೋಡಿ, ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತೂತುಗಳ ಸುತ್ತ ತಟ್ಟಿ ಮಟ್ಟ ಮಾಡಬೇಕು. ಹತ್ತು ನಿಮಿಷದ ಕೆಲಸ. ಆದರೂ ಇದನ್ನು ಮಾಡುವವರು ಕಡಿಮೆ.

ಈಗಿನ ಕಾರುಗಳಲ್ಲಿ ಕವರ್ ಎರಕದ ಅಲ್ಯುಮಿನಿಯಂ ಇಲ್ಲವೇ ನೈಲಾನ್. ಪ್ಯಾಕಿಂಗು ಕವರಿನ ಅಂಚಿನ ಕಾಲುವೆಯಲ್ಲಿ ಕೂರುವ ರಬ್ಬರಿನ ಹುರಿ. ಕಾಲುವೆಯ ಆಳ ರಬ್ಬರಿನ ಎತ್ತರಕ್ಕಿಂತ ಕಡಿಮೆ ಇರುವುದರಿಂದ ಕವರ್ ಕೂತಾಗ ರಬ್ಬರು ತನ್ನ ಎತ್ತರದ ಸುಮಾರು ಕಾಲು ಭಾಗ ಅಮುಕಿಕೊಂಡು, ಮರಳಿ ಏಳಲು ಹೆಣಗುತ್ತ ಸಂದಿಯನ್ನು ಮುಚ್ಚುತ್ತದೆ. ಎಷ್ಟು ಅಮುಕಬೇಕೆಂಬುದನ್ನು ಇಲ್ಲಿ ಮೆಕ್ಯಾನಿಕ್ಕಿನ ಕೈಗೆ ಬಿಟ್ಟೇ ಇಲ್ಲ. ಬೋಲ್ಟಿಗೇ ಒಂದು ಮೆಟ್ಟಿಲು ಇರುತ್ತದೆ, ಅಥವಾ ತೂತಿನೊಳಗೆ ಲೋಹದ ಬುಷ್ ಇರುತ್ತದೆ. ನಿಗದಿತ ಅಮುಕು ಆದೊಡನೆ ಲೋಹ ಲೋಹಕ್ಕೆ ತಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ರಬ್ಬರಿನ ಮೇಲೆ ಎಳ್ಳಷ್ಟೂ ಹೆಚ್ಚು ಒತ್ತಡ ಬೀಳುವುದಿಲ್ಲ, ಬೀಳುವುದೆಲ್ಲ ಬೋಲ್ಟಿನ ಮೇಲೆ, ಥ್ರೆಡ್ಡಿನ ಮೇಲೆ, ನೈಲಾನ್ ಕವರಾದರೆ ಅದರ ಕಿವಿಗಳ ಮೇಲೆ. ಇಂಥ ಎಂಜಿನ್ ವರ್ಷಗಳ ನಂತರ ಸೋರತೊಡಗಿದರೆ ಅದಕ್ಕೆ ಕಾರಣ ಬೋಲ್ಟು ಸಡಿಲವಾದದ್ದಕ್ಕಿಂತ ಹೆಚ್ಚಾಗಿ ರಬ್ಬರು ಕಾದು ಕಾದು ಗಟ್ಟಿಯಾಗಿ, ಅಮುಕಿದ ಆಕಾರದಲ್ಲೇ ಮರಗಟ್ಟಿ, ಮರಳಿ ಏಳುವ ಗುಣ ಕಳೆದುಕೊಂಡದ್ದು. ಬಿಚ್ಚಿ ತೆಗೆದ ಹಳೆಯ ಪ್ಯಾಕಿಂಗನ್ನು ಬಗ್ಗಿಸಿದರೆ ಚಟ್ ಎಂದು ಮುರಿಯುತ್ತದೆ. ಹೀಗಾಗಿ ಸೋರುವ ಕವರಿನ ಬೋಲ್ಟನ್ನು 'ಒಂದು ಸುತ್ತು ಟೈಟ್' ಮಾಡುವುದು ಹಳೆಯ ಬಗೆಯ ಕವರಿನಲ್ಲಿ ಕೆಡುಕು, ಹೊಸ ಬಗೆಯದರಲ್ಲಿ ನಿರರ್ಥಕ. ಬೋಲ್ಟಿನ ಕೆಳಗಿನ ರಬ್ಬರ್ ವಾಷರುಗಳಿಗೂ ವಯಸ್ಸಾಗಿರುತ್ತದೆ. ಪ್ಯಾಕಿಂಗ್ ಹೊಸದು, ವಾಷರು ಹಳೆಯದು ಎಂಬ ಅರೆಬರೆ ಉಳಿತಾಯದಲ್ಲಿ ಮುಂದೆ ಆಯಿಲ್ ಬೋಲ್ಟಿನ ತಲೆಯಿಂದಲೇ ಇಣುಕುತ್ತದೆ.

ಹಾಗಾದರೆ ಬಿಗಿಯುವುದರಲ್ಲಿ ಮುಖ್ಯವಾದದ್ದು ಯಾವುದು? ಸಮತೆ ಎಂದು ನನ್ನ ಉತ್ತರ. ಒಂದು ಬೋಲ್ಟನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ, ಎರಡನೆಯದು ಅಲ್ಲಿನ ಪ್ಯಾಕಿಂಗನ್ನು ಅಮುಕಿದಾಗ ಮೊದಲನೆಯದರ ಎಳೆತ ಇಳಿಯುತ್ತದೆ. ಪಕ್ಕದ ಬೋಲ್ಟುಗಳು ಹೀಗೆ ಒಂದನ್ನೊಂದು ಸಡಿಲಿಸುವುದು ಪೈಪುಗಳ ಫ್ಲ್ಯಾಂಜ್ ಜೋಡಿಸುವವರಿಗೆ ಚೆನ್ನಾಗಿ ಗೊತ್ತಿರುವ ವಿದ್ಯಮಾನ. ಎರಡು ತುದಿಗಳನ್ನು ಮೊದಲು ಬಿಗಿದರಂತೂ ನಡುವಿನ ಉಬ್ಬು ಅಲ್ಲೇ ಸೆರೆಯಾಗುತ್ತದೆ, ಆಮೇಲೆ ಅದು ಹೊರಗೆ ಜಾರಲು ದಾರಿಯಿರುವುದಿಲ್ಲ. ಆದ್ದರಿಂದಲೇ ಕೈಪಿಡಿಗಳು ನಡುವಿನಿಂದ ತೊಡಗಿ, ಆಚೀಚೆ ಅಡ್ಡಡ್ಡ ಹೋಗುತ್ತ, ಕೊನೆಗೆ ತುದಿ ಮುಟ್ಟುವ ಕ್ರಮ ಹೇಳುವುದು. ಮೊದಲ ಸುತ್ತು ಬರೀ ಬೆರಳಲ್ಲಿ, ಎಲ್ಲ ಬೋಲ್ಟುಗಳೂ ಥ್ರೆಡ್ಡಿಗೆ ನೇರವಾಗಿ ಕೂತಿವೆಯೆಂದು ಖಾತ್ರಿಯಾಗುವವರೆಗೆ, ಎರಡನೆಯ ಸುತ್ತು ಹೇಳಿದ ಟಾರ್ಕಿನ ಅರ್ಧಕ್ಕೆ, ಮೂರನೆಯದು ಪೂರ್ತಿಗೆ. ಎಂಜಿನ್ ತಣ್ಣಗಿರಬೇಕು. ಹಳೆಯ ಪ್ಯಾಕಿಂಗಿನ ಚೂರು ಹೆಡ್ಡಿನ ಮೇಲೆ ಉಳಿದಿರಬಾರದು. ಹಾಗೆಂದು ಅಲ್ಯುಮಿನಿಯಂ ಮುಖವನ್ನು ಉಕ್ಕಿನ ಸ್ಕ್ರೇಪರಿನಿಂದ ಕೆರೆದರೆ ಆ ಗೀರೇ ಆಯಿಲ್ಲಿಗೆ ಕಾಲುವೆಯಾದೀತು. ತಳ ಮುಚ್ಚಿದ ಬೋಲ್ಟ್ ತೂತಿನಲ್ಲಿ ಆಯಿಲ್ ನಿಂತಿದ್ದರೆ ಬಟ್ಟೆಯ ತುದಿಯಿಂದ ಹೀರಿ ತೆಗೆಯಬೇಕು, ಇಲ್ಲವಾದರೆ ಬೋಲ್ಟು ತಳ ಸೇರುವ ಮೊದಲೇ ಆಯಿಲ್ ಅದನ್ನು ತಡೆದು ನಿಲ್ಲಿಸಿ ಟಾರ್ಕಿನ ಲೆಕ್ಕ ತಪ್ಪಿಸುತ್ತದೆ. ಸಿಲಿಕೋನ್ ಪೇಸ್ಟಿನ ವಿಷಯದಲ್ಲಿ ನಮ್ಮ ಉದಾರತೆ ಹೇಳತೀರದು. ಟೈಮಿಂಗ್ ಕವರ್ ಹೆಡ್ಡಿಗೆ ಸೇರುವ ಮೂಲೆ, ಕ್ಯಾಮ್ ಕ್ಯಾಪಿನ ಅರ್ಧಚಂದ್ರದ ಕೊನೆ, ಹೀಗೆ ಕೈಪಿಡಿ ಹೇಳಿದ ಮೂರು ನಾಲ್ಕು ಕಡೆ ಕಡಲೆಕಾಳಿನಷ್ಟು ಹಚ್ಚಿದರೆ ಸಾಕು. ಸುತ್ತಲೂ ಬಳಿದರೆ ರಬ್ಬರು ಜಾರುತ್ತದೆ. ಒಳಗೆ ಹಿಂಡಿಕೊಂಡ ಪೇಸ್ಟು ಉದುರಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಸೋರಿಕೆಗಿಂತ ದೊಡ್ಡ ಆಪತ್ತು.

ಇದಕ್ಕೆಲ್ಲ ಒಂದು ಸಿದ್ಧ ಆಕ್ಷೇಪವಿದೆ: ಇಪ್ಪತ್ತು ವರ್ಷ ಪಾನಾ ಹಿಡಿದ ಕೈಗೆ ಟಾರ್ಕ್ ರೆಂಚು ಯಾಕೆ? ಇದನ್ನು ಅಹಂಕಾರದ ಮಾತೆಂದು ತಳ್ಳಿಹಾಕುವುದು ತಪ್ಪು, ಏಕೆಂದರೆ ಟಾರ್ಕ್ ರೆಂಚು ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ. ನಾವು ಹಾಕುವ ತಿರುಗುಬಲದ ಅರ್ಧದಷ್ಟು ಬೋಲ್ಟಿನ ತಲೆಯಡಿಯ ಘರ್ಷಣೆಗೆ, ಸುಮಾರು 40 ಪ್ರತಿಶತ ಥ್ರೆಡ್ಡಿನ ಘರ್ಷಣೆಗೆ ಹೋಗಿ, ಬೋಲ್ಟನ್ನು ಎಳೆಯಲು ಉಳಿಯುವುದು ಹತ್ತರಲ್ಲೊಂದು ಪಾಲು. ತುಕ್ಕೋ ಆಯಿಲ್ಲೋ ಈ ಲೆಕ್ಕವನ್ನು ಬದಲಿಸುತ್ತದೆ. ಟಾರ್ಕ್ ರೆಂಚಿನಿಂದ ಬಿಗಿದರೂ ಬೋಲ್ಟಿನ ನಿಜವಾದ ಎಳೆತ 25-30 ಪ್ರತಿಶತ ಆಚೀಚೆ ಆಗಬಹುದೆಂದೂ, ಕೈಯಂದಾಜಿನಲ್ಲಿ ಅದು 35ರ ಹತ್ತಿರವೆಂದೂ ಎಂಜಿನಿಯರಿಂಗ್ ಕೈಪಿಡಿಗಳು ಒಪ್ಪುತ್ತವೆ. ಅಂತರ ಇಷ್ಟೇ ಆದರೆ ಮೆಕ್ಯಾನಿಕ್ಕಿನ ಮಾತೇ ಸರಿಯಲ್ಲವೇ? ದೊಡ್ಡ ಬೋಲ್ಟುಗಳಲ್ಲಿ ಮುಕ್ಕಾಲು ಪಾಲು ಸರಿ. ಕೈಯಂದಾಜು ಕೈಕೊಡುವುದು ಸಣ್ಣ ಬೋಲ್ಟಿನಲ್ಲಿ. ಇಡೀ ದಿನ ಚಕ್ರದ ನಟ್ಟು, ಸಸ್ಪೆನ್ಷನ್ ಬೋಲ್ಟು ಬಿಗಿದ ಕೈಗೆ 10 ನ್ಯೂಟನ್ ಮೀಟರ್ ಎಂಬುದು ಬಿಗಿಯೆಂದೇ ಅನಿಸುವುದಿಲ್ಲ. 20 ಸೆಂಟಿಮೀಟರ್ ಹಿಡಿಯಲ್ಲಿ 5 ಕಿಲೋ ಒತ್ತಿದರೆ ಆ ಗುರಿ ಮುಟ್ಟಿಯಾಯಿತು. ಅದೇ ಕೈ ಆಯಾಸವಿಲ್ಲದೆ 20 ಕಿಲೋ ಒತ್ತೀತು. 35 ಪ್ರತಿಶತ ಎಂಬುದು ಕೆಲಸಕ್ಕೆ ತಕ್ಕಂತೆ ಪಳಗಿದ ಕೈಯ ತಪ್ಪು, ನಾಲ್ಕು ಪಟ್ಟಿನ ತಪ್ಪನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಒಂದೇ ಕವರಿನ ಎಂಟು ಹತ್ತು ಬೋಲ್ಟುಗಳ ಥ್ರೆಡ್ಡೂ ಘರ್ಷಣೆಯೂ ಹೆಚ್ಚು ಕಡಿಮೆ ಒಂದೇ ತೆರನಾಗಿರುವುದರಿಂದ ರೆಂಚಿನ ತಪ್ಪು ಎಲ್ಲ ಬೋಲ್ಟಿಗೂ ಒಂದೇ ದಿಕ್ಕಿನಲ್ಲಿ ಬೀಳುತ್ತದೆ. ಎಲ್ಲವೂ ತುಸು ಕಡಿಮೆಯಾದರೂ ಸಮವಾಗಿದ್ದರೆ ಪ್ಯಾಕಿಂಗ್ ಸಹಿಸಿಕೊಳ್ಳುತ್ತದೆ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬಾತ 1918ರ ಸುಮಾರಿಗೆ ಈ ರೆಂಚನ್ನು ರೂಪಿಸಿದ ಎಂಬುದು ಪ್ರಚಲಿತ ಇತಿಹಾಸ. ನೆಲದಡಿಯ ನೀರಿನ ಪೈಪುಗಳ ಬೋಲ್ಟುಗಳನ್ನು ಕೆಲಸಗಾರರು ಅತಿಯಾಗಿ ಬಿಗಿಯುವುದನ್ನು ತಪ್ಪಿಸುವುದು ಆತನ ಉದ್ದೇಶವಾಗಿತ್ತಂತೆ. ಸೋರುವ ಜೋಡಣೆ, ಅತಿ ಬಿಗಿತ: ಸಮಸ್ಯೆ ಆಗಲೂ ಇದೇ.

ರೆಂಚು ಇದ್ದರೆ ಸಾಲದು, ಸರಿಯಾದ ರೆಂಚು ಇರಬೇಕು ಎಂಬುದನ್ನೂ ಇಲ್ಲೇ ಹೇಳಬೇಕು. ಗ್ಯಾರೇಜುಗಳಲ್ಲಿರುವ ಅರ್ಧ ಇಂಚಿನ ದೊಡ್ಡ ರೆಂಚಿನ ಅಳತೆ ಸಾಮಾನ್ಯವಾಗಿ 20-30 ನ್ಯೂಟನ್ ಮೀಟರಿನಿಂದಲೇ ಶುರು. ಅದರಲ್ಲಿ 10ಕ್ಕೆ ಬಿಗಿಯುತ್ತೇನೆಂದು ಹೊರಟವನು ಕ್ಲಿಕ್ ಕೇಳಿಸುವ ಹೊತ್ತಿಗೆ ಬೋಲ್ಟನ್ನು ಮುರಿದಿರುತ್ತಾನೆ. ಬೇಕಾದದ್ದು ಕಾಲಿಂಚಿನ ಸಣ್ಣ ರೆಂಚು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ಕಡಿಮೆ ಬಿಗಿದರೆ ಎಂಜಿನ್ನಿನ ಅದುರುವಿಕೆಗೆ ಬೋಲ್ಟು ಕಳಚಿ ಬೀಳುವುದಿಲ್ಲವೇ? ಭಯ ನಿರಾಧಾರವಲ್ಲ. ಜೋಡಿಸಿದ ಭಾಗಗಳು ಅಡ್ಡಡ್ಡವಾಗಿ ಜಾರಾಡಿದಾಗ ಬೋಲ್ಟು ತಾನಾಗಿಯೇ ತಿರುಗಿ ಸಡಿಲವಾಗುತ್ತದೆಂದು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗ ಮಾಡಿ ತೋರಿಸಿದ. ಆ ಜಾರಾಟವನ್ನು ತಡೆಯುವುದು ಬೋಲ್ಟಿನ ಎಳೆತವೇ ಎಂಬುದೂ ಅದರಿಂದ ಸ್ಪಷ್ಟವಾಯಿತು. ಆದರೆ ಯುಂಕರನ ಪ್ರಯೋಗ ಸಾಕಷ್ಟು ಎಳೆತ ಬೇಕೆನ್ನುತ್ತದೆಯೇ ಹೊರತು ಮಿತಿಯಿಲ್ಲದ ಎಳೆತ ಬೇಕೆನ್ನುವುದಿಲ್ಲ. ಮೆಟ್ಟಿಲಿರುವ ಬೋಲ್ಟನ್ನು ಹೇಳಿದ ಟಾರ್ಕಿಗೆ ಬಿಗಿದರೆ ಲೋಹಕ್ಕೆ ಲೋಹ ಕಚ್ಚಿ ನೂರಾರು ಕಿಲೋ ಹಿಡಿತ ಸಿಕ್ಕಿರುತ್ತದೆ; ಟ್ಯಾಪೆಟ್ ಕವರಿನಷ್ಟು ಹಗುರ ವಸ್ತುವನ್ನು ಅಲುಗದಂತೆ ಹಿಡಿಯಲು ಅದು ಧಾರಾಳ. ಗಡಿ ಮೀರಿ ಹಿಗ್ಗಿದ ಬೋಲ್ಟು, ಅರ್ಧ ಕಿತ್ತ ಥ್ರೆಡ್ಡು, ಒಡೆದ ಕಾರ್ಕು ಇವು ಮೂರೂ ಎಳೆತವನ್ನು ಕಳೆದುಕೊಂಡ ಸ್ಥಿತಿಗಳು. ಅಂದರೆ ಅದುರಿ ಬಿಚ್ಚಿಕೊಂಡೀತೆಂದು ಅತಿಯಾಗಿ ಬಿಗಿದವನೇ ಬಿಚ್ಚಿಕೊಳ್ಳಲು ದಾರಿ ಮಾಡಿಕೊಟ್ಟಂತಾಯಿತು. ಕಾರ್ಕಿನ ಹಳೆಯ ಎಂಜಿನ್ನುಗಳಿಗೆ ಮಾತ್ರ ಒಂದು ವಿನಾಯಿತಿ ಬೇಕು: ಕೆಲವು ದಿನ ಓಡಿದ ಮೇಲೆ ಕಾರ್ಕು ತುಸು ತಗ್ಗುವುದರಿಂದ, ತಣ್ಣಗಿದ್ದಾಗ ಒಮ್ಮೆ ಅದೇ ಟಾರ್ಕಿಗೆ ಮತ್ತೆ ತಂದು ನಿಲ್ಲಿಸುವುದು ಸರಿಯಾದ ಪದ್ಧತಿ. ಆಗಲೂ ಗುರಿ ಹಳೆಯ ಅಂಕಿಯೇ, ಅದಕ್ಕಿಂತ ಮೇಲಲ್ಲ.

ಇನ್ನು ಕಾಸಿನ ಮಾತು. ರಸ್ತೆ ಬದಿಯ ಗ್ಯಾರೇಜಿನಲ್ಲಿ, ಮುಂದೆ ಎರಡು ಗಾಡಿ ಕಾದಿರುವಾಗ, ಮೂರು ಸುತ್ತು ಬಿಗಿಯಲು ಯಾರಿಗೆ ಪುರುಸೊತ್ತು ಎಂಬ ಪ್ರಶ್ನೆಗೆ ನೀತಿಪಾಠ ಉತ್ತರವಾಗುವುದಿಲ್ಲ. ಸಣ್ಣ ರೆಂಚು ಕೊಳ್ಳಲು ಆಗದಿದ್ದರೆ ಹಿಡಿಯನ್ನಾದರೂ ಚಿಕ್ಕದು ಮಾಡಿಕೊಳ್ಳಬಹುದು: ಸ್ಕ್ರೂಡ್ರೈವರಿನಂಥ ಹಿಡಿಗೆ ಹತ್ತು ನಂಬರ್ ಸಾಕೆಟ್ ಸಿಕ್ಕಿಸಿ ಮಣಿಕಟ್ಟಿನಿಂದ ತಿರುಗಿಸಿದರೆ ಅತಿಗೆ ಹೋಗುವ ಅಪಾಯ ತಾನಾಗಿಯೇ ತಗ್ಗುತ್ತದೆ. ಆದರೆ ಈ ವಿಷಯದಲ್ಲಿ ಗಾಡಿಯ ಮಾಲೀಕರ ಪಾತ್ರವೂ ಸಣ್ಣದಲ್ಲ. 'ಗಟ್ಟಿಯಾಗಿ ಟೈಟ್ ಮಾಡಪ್ಪ' ಎಂದು ಪಕ್ಕದಲ್ಲಿ ನಿಂತು ಹೇಳುವವರು ನಾವೇ, ಮೆಕ್ಯಾನಿಕ್ ಮುಖ ಕಿವುಚಿ ಪಾನಾ ಎಳೆದರೆ ನೆಮ್ಮದಿಪಡುವವರೂ ನಾವೇ. ಪ್ಯಾಕಿಂಗ್ ತಯಾರಿಸುವವರಿಗೂ ಒಂದು ಮಾತು ಹೇಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಯಿಂದ ಹಳ್ಳಿಯ ಗ್ಯಾರೇಜಿಗೆ ಹೋಗುವ ಪ್ಯಾಕಿಂಗಿನ ಜೊತೆ ಕಾರಿನ ಕೈಪಿಡಿ ಹೋಗುವುದಿಲ್ಲ. ಆ ಕವರಿಗೆ ಎಷ್ಟು ಟಾರ್ಕು, ಯಾವ ಬೋಲ್ಟು ಮೊದಲು, ಪೇಸ್ಟು ಎಲ್ಲೆಲ್ಲಿ ಎಂಬುದನ್ನು ಪೊಟ್ಟಣದ ಬೆನ್ನಿಗೆ ಒಂದು ಸಣ್ಣ ಚಿತ್ರದೊಂದಿಗೆ, ಸ್ಥಳೀಯ ಭಾಷೆಯಲ್ಲಿ ಅಚ್ಚು ಹಾಕಲು ಆಗುವ ಖರ್ಚು ಎಷ್ಟಿದ್ದೀತು? ಬೆಲೆ ಮತ್ತು ಹಾಲೋಗ್ರಾಮ್ ಅಚ್ಚಾಗುವ ಜಾಗದಲ್ಲಿ ಇದಕ್ಕೂ ಎಡೆಯಿದೆ.

ಎಲ್ಲ ಸರಿಯಾಗಿ ಮಾಡಿದ ಮೇಲೂ ಅಂಚು ಒದ್ದೆಯಾದರೆ ಪಾನಾ ಮುಟ್ಟದೆ ಮೊದಲು ಅಂಚನ್ನು ಒಣಬಟ್ಟೆಯಲ್ಲಿ ಒರೆಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಟಾರ್ಚ್ ಹಿಡಿದು ಆಯಿಲ್ಲಿನ ಮೊದಲ ಗೆರೆ ಎಲ್ಲಿ ಮೂಡುತ್ತದೆಂದು ನೋಡಬೇಕು. ಆಯಿಲ್ ಹಾಕುವ ಮುಚ್ಚಳದ ರಬ್ಬರು, ಹೆಡ್ಡಿನ ಹಿಂಬದಿಯ ಕ್ಯಾಮ್ ಪ್ಲಗ್ಗು, ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಡಿಸ್ಟ್ರಿಬ್ಯೂಟರಿನ ಓ ರಿಂಗು, ಇವುಗಳಿಂದ ಸೋರಿದ್ದೂ ಕವರಿನ ಅಂಚಿಗೇ ಬಂದು ನಿಲ್ಲುತ್ತದೆ. ಸ್ಪಾರ್ಕ್ ಪ್ಲಗ್ಗಿನ ಬಾವಿಯಲ್ಲಿ ಆಯಿಲ್ ಕಂಡರೆ ಅದು ಹೊರಗಿನ ಹುರಿಯಿಂದ ಬಂದದ್ದಲ್ಲ, ಬಾವಿಯ ಸುತ್ತಲಿನ ಉಂಗುರಗಳದು; ಅವು ಸೆಟ್ಟಿನಲ್ಲಿ ಬೇರೆಯಾಗಿಯೇ ಬರುತ್ತವೆ, ಹಾಕಲು ಮರೆತಿದ್ದರೆ ಕವರ್ ಮತ್ತೆ ಬಿಚ್ಚಲೇಬೇಕು. ಗೆರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಡೆ ಇಳಿಯುತ್ತಿದ್ದರೆ ಮಾತ್ರ ನಾಳೆಗೆ ಬಿಡುವಂತಿಲ್ಲ. ಕೆಂಪಗೆ ಕಾಯುವ ಆ ಲೋಹದ ಮೇಲೆ ಬಿದ್ದ ಆಯಿಲ್ ಮೊದಲು ವಾಸನೆ, ಆಮೇಲೆ ಹೊಗೆ, ಕೆಲವೊಮ್ಮೆ ಬೆಂಕಿಯನ್ನೇ ಕೊಡುತ್ತದೆ.